ಹಿಂದಕ್ಕೆ ನಡೆಯುವ ತ್ಯಾಂಪಣ್ಣ

ತ್ಯಾಂಪಣ್ಣನವರು ಹಿಂದಕ್ಕೆ ನಡೆಯುವಷ್ಟು ಚೆಂದವಾಗಿ ಮುಂದಕ್ಕೆ ನಡೆಯುವವರನ್ನು ಸುಳ್ಯ ಪೇಟೆಯಲ್ಲಿ ನಾನಂತೂ ಕಂಡಿಲ್ಲ. ಮೂವತ್ತೆರಡು ವರ್ಷ ಮದುವೆ ದಿಬ್ಬಣಗಳ ಮುಂದೆ, ಹೆಗಲ ಮೇಲೆ ಕ್ಯಾಮೆರಾ ಹೊತ್ತು, ಮೆಟ್ಟಿಲು, ಚರಂಡಿ, ಚಪ್ಪಲಿಯ ರಾಶಿ, ಮಲಗಿದ ನಾಯಿ ಎಲ್ಲವನ್ನೂ ಹಿಮ್ಮಡಿಯಿಂದಲೇ ತಡವಿ ತಿಳಿದುಕೊಳ್ಳುತ್ತ ನಡೆದ ಆ ಕಾಲುಗಳು ನಿವೃತ್ತಿಯ ನಂತರವೂ ಅಭ್ಯಾಸ ಬಿಟ್ಟಿಲ್ಲ. ಮನೆಗೆ ಬಂದವರನ್ನು ಬೀಳ್ಕೊಡುವಾಗ ಈಗಲೂ ಅವರ ಮುಖ ನೋಡುತ್ತಲೇ ಗೇಟಿನವರೆಗೆ ಹಿಂದಕ್ಕೆ ನಡೆದು, ತಿರುಗದೆಯೇ ಅಗಳಿ ತೆಗೆಯುತ್ತಾರೆ. ಮೀನು ತರಲು ಹೋದರೂ ತೊಡುವ ಹದಿಮೂರು ಜೇಬುಗಳ ಆ ಬೂದು ಜಾಕೆಟ್ಟಿನಲ್ಲಿ ಈಗ ಬ್ಯಾಟರಿಯಿಲ್ಲ, ಕ್ಯಾಸೆಟ್ಟಿಲ್ಲ; ಎಡಜೇಬಿನ ಸೇಫ್ಟಿ ಪಿನ್ನಿನ ಗೊಂಚಲು ಮಾತ್ರ ಹಾಗೆಯೇ ಇದೆ, ಏಕೆಂದರೆ ಸೆರಗು ಜಾರದ ಮದುವೆಯನ್ನು ಅವರು ಕಂಡದ್ದಿಲ್ಲ.

ತೆಗೆದದ್ದನ್ನು ಕತ್ತರಿಸದಿರುವುದು ಅವರ ಇನ್ನೊಂದು ಹಟ. ಊಟದ ಪಂಕ್ತಿಯನ್ನು ಈ ತುದಿಯಿಂದ ಆ ತುದಿಯವರೆಗೆ, ಉಂಡವರನ್ನೂ ಬಡಿಸಿ ಬೆವೆತವರನ್ನೂ ಬಿಡದೆ ತೆಗೆದವರು ಅವರು. ಇಂದು ಡ್ರೋನು ಹಾರಿಸಿ, ವಧೂವರರನ್ನು ಗುಡ್ಡದ ಮೇಲೆ ಕುಣಿಸಿ, ಅಡಿಗೆಯವನ ಮುಖವನ್ನೊಮ್ಮೆಯೂ ತೋರಿಸದೆ ಮೂರು ನಿಮಿಷದಲ್ಲಿ ಮದುವೆ ಮುಗಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ತ್ಯಾಂಪಣ್ಣನವರಿಗೆ ಉರಿಯುವುದಿಲ್ಲ. "ಅವರದ್ದು ಒಗ್ಗರಣೆ ಮಾರಾಯ್ರೆ, ನನ್ನದು ಸಾಂಬಾರು" ಎಂದು ನಗುತ್ತಾರೆ.

ಈಗ ಅವರ ಕಸುಬು ಹಳೆಯ ಕ್ಯಾಸೆಟ್ಟುಗಳನ್ನು ಮನೆಯ ಕಂಪ್ಯೂಟರಿನಲ್ಲಿ ಪೆನ್‌ಡ್ರೈವಿಗೆ ಇಳಿಸಿಕೊಡುವುದು. ಹೋದ ಮೇ ತಿಂಗಳ ಒಂದು ಮಂಗಳವಾರ ಅರಂತೋಡಿನ ಶಮೀನಾ ತನ್ನದೇ ಮದುವೆಯ ಎರಡು ಕ್ಯಾಸೆಟ್ಟು ಹಿಡಿದು ಬಂದಳು. "ಭಾನುವಾರ ನನ್ನ ಮಗಳು ಇರ್ಫಾನಾಳ ನಿಕಾಹ್. ಅದಕ್ಕೆ ಮೊದಲು ಉಮ್ಮ ಇದನ್ನು ನೋಡ್ಬೇಕು ತ್ಯಾಂಪಣ್ಣ. ಅವರು ನನ್ನ ನಿಕಾಹ್ ನೋಡಿಯೇ ಇಲ್ಲ."

ನೋಡುವುದಾದರೂ ಹೇಗೆ? ನಿಕಾಹ್ ನಡೆದದ್ದು ಗಂಡಸರ ಚಪ್ಪರದಲ್ಲಿ. ತಂದೆ ಅದ್ರಾಮ ಅಳಿಯನ ಕೈಹಿಡಿದು ಮಗಳನ್ನು ಒಪ್ಪಿಸಿದ ಗಳಿಗೆ ತಾಯಿ ಆಯಿಶಮ್ಮನಿಗೆ ಗೋಡೆಯಾಚೆಯ ಒಂದು ದನಿ ಮಾತ್ರ. ಕ್ಯಾಸೆಟ್ಟು ಬಂದಾಗ ಮನೆಯಲ್ಲಿ ಟಿವಿಯಿರಲಿಲ್ಲ, ಟಿವಿ ಬಂದಾಗ ಕ್ಯಾಸೆಟ್ಟಿನ ಕಾಲ ಮುಗಿದಿತ್ತು, ಅಷ್ಟರಲ್ಲಿ ಅದ್ರಾಮನೂ ಇರಲಿಲ್ಲ. ಅದು ಅವರ ಪದ್ಧತಿ ಎಂದು ಮೂಗೆಳೆಯುವವರು ತಮ್ಮ ಮನೆಯ ಅಜ್ಜಿಯರನ್ನೊಮ್ಮೆ ಕೇಳಲಿ: ಮಗಳ ಧಾರೆ ಮುಗಿಯುವಾಗ ಪಾಯಸ ತಳ ಹಿಡಿಯದಂತೆ ಕದಡುತ್ತಿದ್ದವರು ಎಷ್ಟು ಜನ?

ಬೂಷ್ಟು ಹಿಡಿದ ಟೇಪನ್ನು ಒರೆಸಿ, ಇನ್ನೊಮ್ಮೆ ಓಡಿಸಿದರೆ ಹರಿಯುವುದು ಖಂಡಿತವೆಂದರಿತು, ತ್ಯಾಂಪಣ್ಣ ಉಸಿರು ಬಿಗಿಹಿಡಿದು ಅದನ್ನು ಕಂಪ್ಯೂಟರಿಗೆ ತುಂಬಿಸಿದರು. ಆದರೆ ಹಾಗೆ ತುಂಬಿದ್ದು ಮನೆಯ ಟಿವಿಯ ಗಂಟಲಲ್ಲಿ ಇಳಿಯದಷ್ಟು ದೈತ್ಯ ಫೈಲು. ಅದನ್ನು ಕುಗ್ಗಿಸಿ ಟಿವಿಗೆ ತಿಳಿಯುವ ರೂಪಕ್ಕೆ ತರಬೇಕು. ಅವರ ನಿಯಮದಂತೆ ಅದು, ಚಿತ್ರ ಕೆಡದಿರಲೆಂದು, 'ಅತಿ ನಿಧಾನ' ಎಂಬ ಆಯ್ಕೆಯಲ್ಲೇ ಆಗಬೇಕು, ಒಂದು ಕ್ಯಾಸೆಟ್ಟಿಗೆ ಒಂಬತ್ತು ಗಂಟೆ, ಎದುರಿಗೆ ಅವರು ಜಾಕೆಟ್ಟು ತೊಟ್ಟು ಕಾವಲು. ಮೋಡ ಕೆಮ್ಮಿದರೂ ಕರೆಂಟು ತೆಗೆಯುವ ನಮ್ಮ ಊರಿನಲ್ಲಿ ಒಂಬತ್ತು ಗಂಟೆಯೆಂದರೆ ತಪಸ್ಸು. ಬುಧವಾರ ಐದು ಗಂಟೆ ಓಡಿ ನಿಂತಿತು; ಗುರುವಾರ ಏಳು ಗಂಟೆ ಓಡಿ ನಿಂತಿತು. ಪ್ರತಿಸಲವೂ ಮೊದಲಿನಿಂದ.

ಶುಕ್ರವಾರ ಬೆಳಿಗ್ಗೆ ಸೊಸೆ ಹೇಮಶ್ರೀ ತಡೆಯಲಾರದೆ ಹೇಳಿದಳು: "ನಿಕಾಹ್ ಇರುವಷ್ಟು ತುಂಡು ಮಾಡಿ ಕೊಡಿ ಮಾವ."

"ಮದುವೆಯನ್ನು ತುಂಡು ಮಾಡ್ಲಿಕ್ಕೆ ಅದೆಂತ ಅಂಜಲ್ ಮೀನಾ?"

"ಹಾಗಾದ್ರೆ ಒಳಗೆ ಗ್ರಾಫಿಕ್ಸ್ ಕಾರ್ಡ್ ಉಂಟಲ್ಲ, ಅದಕ್ಕೆ ಕೆಲಸ ಕೊಡಿ."

"ಅದು ಆಟದ ಕಾರ್ಡು! ಪುತ್ತೂರಿನ ಕಾಲೇಜಿನವರು ಗೇಮ್ ಆಡಿ ಮಾರಿದ ಪೆಟ್ಟಿಗೆ ಇದು. ಒಂದು ಸಲ ಕೊಟ್ಟು ನೋಡಿದ್ದೇನೆ. ಮದುಮಗಳ ಮುಖ ಇಡೀ ಚೌಕ ಚೌಕ, ಹಂಚಿನ ಮಾಡಿನ ಹಾಗೆ!"

ಹೇಮಶ್ರೀ ಬಗ್ಗಿ ನೋಡಿ ಕಿಸಕ್ಕನೆ ನಕ್ಕಳು. ನಿಧಾನದ ಕೆಲಸಕ್ಕೆ ಇಟ್ಟ ಸಣ್ಣ ಫೈಲಿನ ಅಳತೆಯನ್ನೇ ಮಾವ ಅಂದು ಈ ವೇಗದ ಕಾರ್ಡಿಗೂ ಇಟ್ಟಿದ್ದರು. "ಇದು ಬೇಗ ಬಡಿಸುವ ಜನ ಮಾವ. ಅದರ ಕೈಗೆ ಸಣ್ಣ ಸೌಟು ಕೊಟ್ರೆ ಎಲೆಯಲ್ಲಿ ಅಲ್ಲಲ್ಲಿ ಖಾಲಿ ಬೀಳುದೇ! ದೊಡ್ಡ ಸೌಟು ಕೊಡಿ. ಫೈಲ್ ಚೂರು ದೊಡ್ಡದಾಗ್ತದೆ, ಅಷ್ಟೆ. ಪೆನ್‌ಡ್ರೈವಲ್ಲಿ ಜಾಗ ಬೇಕಾದಷ್ಟು ಉಂಟು."

ಪಂಕ್ತಿಯ ಭಾಷೆಯಲ್ಲಿ ಹೇಳಿದ್ದನ್ನು ತ್ಯಾಂಪಣ್ಣ ತಳ್ಳಿಹಾಕುವವರಲ್ಲ. ಆಕೆ ಅಂಕೆ ಬದಲಿಸಿ, ಕೆಲಸವನ್ನು ಕಾರ್ಡಿಗೆ ವಹಿಸಿದಳು. ಪೆಟ್ಟಿಗೆಯ ಫ್ಯಾನು ಗುಯ್ಯೆಂದಿತು. ಪರದೆಯ ಮೇಲಿನ ಅಂಕೆ, ನಿನ್ನೆಯವರೆಗೆ ಆಮೆಯಂತೆ ತೆವಳಿದ್ದು, ಐದು, ಒಂಬತ್ತು, ಹದಿನಾಲ್ಕು ಎಂದು ಜಿಗಿಯತೊಡಗಿತು. ತ್ಯಾಂಪಣ್ಣ ಕುರ್ಚಿಯಿಂದೆದ್ದು, ಅದರ ಮುಖದಿಂದ ಕಣ್ಣು ಕೀಳದೆ, ಹಿಂದಕ್ಕೆ ಹಿಂದಕ್ಕೆ ನಡೆದು ಕಪಾಟಿಗೆ ಬೆನ್ನು ತಾಗಿಸಿ ನಿಂತರು. ಮೂರು ಗಂಟೆಯ ಕ್ಯಾಸೆಟ್ಟು ಇಪ್ಪತ್ತೆರಡು ನಿಮಿಷದಲ್ಲಿ ಮುಗಿಯಿತು. ಪರದೆಗೆ ಮೂಗು ತಾಗಿಸಿ ಚೌಕ ಹುಡುಕಿದರು, ಸಿಗಲಿಲ್ಲ. ಎರಡನೆಯದೂ ಮುಗಿದು, ಪೆನ್‌ಡ್ರೈವು ಜೇಬು ಸೇರಿದ ಮೇಲೆ ಗುಡುಗಿತು, ಕರೆಂಟು ಹೋಯಿತು. "ಹೋಗ್ಲಿ ಬಿಡು ಮಾರಾಯ್ತಿ!" ಎಂದು ಅವರು ಚಪ್ಪಾಳೆ ತಟ್ಟಿದರು. ಮತ್ತೆ ಪೆಟ್ಟಿಗೆಯ ಬೆನ್ನು ತಟ್ಟಿ, "ಐದು ವರ್ಷ ಒಬ್ಬ ಒಳ್ಳೆ ಕೆಲಸದವನನ್ನು ಮನೆಯೊಳಗೆ ಕೂರಿಸಿ, ಕೆಲಸ ಬರುದಿಲ್ಲ ಬರುದಿಲ್ಲ ಹೇಳಿದ್ದಲ್ವಾ ನಾನು" ಎಂದರು. ಮನುಷ್ಯರ ವಿಷಯದಲ್ಲಿ ಇದೇ ತಪ್ಪು ಮಾಡಿ ಹೀಗೆ ಬಾಯಿಬಿಟ್ಟು ಒಪ್ಪಿದ ದೊಡ್ಡವರನ್ನು ನಾನಿನ್ನೂ ಕಾಣಬೇಕಾಗಿದೆ.

ಶನಿವಾರ ಅರಂತೋಡಿನ ಆ ಮನೆಯ ಜಗಲಿಯಲ್ಲಿ ಅವರ ಜೊತೆ ನಾನೂ ಇದ್ದೆ. ಟಿವಿ ಒಳಗೆ, ಹೆಂಗಸರೆಲ್ಲ ಒಳಗೆ. ಈ ಸಲ ಗೋಡೆಯಾಚೆಗೆ ಕಿವಿಗೊಟ್ಟು ಕೂರುವ ಸರದಿ ನಮ್ಮದು. ಖಾಝಿಯ ದನಿ ಕೇಳಿತು, ಅದ್ರಾಮನ ದನಿ ಕೇಳಿತು. ತ್ಯಾಂಪಣ್ಣನವರ ಬೆರಳು ಪಿನ್ನಿನ ಗೊಂಚಲನ್ನು ಜಪಮಣಿಯಂತೆ ಎಣಿಸುತ್ತಿತ್ತು. ಆಗ ಆಯಿಶಮ್ಮನ ಕೂಗು:

"ಅಳುದು ನೋಡಿ, ಅಳುದು ನೋಡಿ ಇವರು! ಕಣ್ಣು ಕೆಂಪು ಮಾಡಿ ಒಳಗೆ ಬಂದು ನನ್ನ ಹತ್ರ ಎಂತ ಹೇಳಿದ್ದು? 'ನಾನು ಅತ್ತದ್ದಲ್ಲ, ಒಲೆಯ ಹೊಗೆ' ಹೇಳಿದ್ದು! ಇಪ್ಪತ್ತೈದು ವರ್ಷ ನಂಬಿದೆ ನಾನು. ಎಲ್ಲಿ ಉಂಟು ಇಲ್ಲಿ ಹೊಗೆ?"

ಮನೆ ಬಿರಿಯುವಂತೆ ನಗು. ಆ ನಗುವಿನ ನಡುವೆಯೇ, "ತ್ಯಾಂಪಣ್ಣಾ, ಕಳ್ಳ ಸಿಕ್ಕಿಬಿದ್ದ!" ಎಂದು ಮುದುಕಿ ಒಳಗಿನಿಂದಲೇ ಸಾರಿದಳು. ಮುಂದೆ ನಲವತ್ತು ನಿಮಿಷದ ನೆಯ್‌ಚೋರಿನ, ಅಂದರೆ ತುಪ್ಪದನ್ನದ, ಪಂಕ್ತಿ ಬಂತು, ಒಬ್ಬಳೂ ಏಳಲಿಲ್ಲ. ಯಾರು ಎರಡು ಸಲ ಹಾಕಿಸಿಕೊಂಡರು, ಯಾರಿಗೆ ಆಗ ತಲೆ ತುಂಬ ಕೂದಲಿತ್ತು ಎಂಬ ವಿಚಾರಣೆ ಮುಖಮುಖಕ್ಕೂ ನಡೆಯಿತು. ತ್ಯಾಂಪಣ್ಣ ನನ್ನ ಕಡೆ ತಿರುಗಿ, "ತುಂಡು ಮಾಡ್ಬೇಕಿತ್ತಂತೆ!" ಎಂದರು.

ಹೊರಡುವಾಗ ಇರ್ಫಾನಾಳ ಕೈಗೆ ಪಿನ್ನಿನ ಗೊಂಚಲು ಕೊಟ್ಟು, "ನಾಳೆಗೆ ಇರ್ಲಿ ಮಗಾ" ಎಂದು, ಮೆಟ್ಟಿಲಿನಲ್ಲಿ ನೆರೆದ ಮುಖಗಳನ್ನೆಲ್ಲ ನೋಡುತ್ತ ಅಂಗಳದುದ್ದಕ್ಕೂ ಹಿಂದಕ್ಕೆ ನಡೆದರು.

ಬರುವವರ ಮುಖ ತಪ್ಪಬಾರದೆಂದು ತಮ್ಮ ಬೆನ್ನನ್ನೇ ದಾರಿಗೆ ಒಪ್ಪಿಸುವ ಜಾತಿಯೊಂದು ಲೋಕದಲ್ಲಿದೆ. ನಾವು ಅವರನ್ನು ಹಿಂದುಳಿದವರೆಂದು ಬೇಗನೆ ತೀರ್ಮಾನಿಸುತ್ತೇವೆ. ಆದರೆ ಅವರಿಗೆ ವೇಗದ ಮೇಲೆ ದ್ವೇಷವಿಲ್ಲ. ಆ ವೇಗದಲ್ಲಿ ಯಾರ ಮುಖ ಬಿಟ್ಟುಹೋಯಿತು ಎಂಬುದಷ್ಟೇ ಅವರ ಪ್ರಶ್ನೆ. ಯಾರದ್ದೂ ಬಿಟ್ಟುಹೋಗಿಲ್ಲವೆಂದು ಕಣ್ಣಾರೆ ಕಂಡರೆ, ಆಟದ ಕಾರ್ಡಿಗೂ ಪಂಕ್ತಿಯಲ್ಲಿ ಮಣೆ ಹಾಕಿ ಕೂರಿಸುತ್ತಾರೆ.