ಅಣ್ಣ ಮುಚ್ಚದೆ ಬಿಟ್ಟ ಮಾತು

ಅಣ್ಣ ಬಸ್ ನಿಲ್ದಾಣದ ಅನೌನ್ಸರ್. ಮೂವತ್ತು ವರ್ಷ ಊರಿಗೆಲ್ಲ ದಾರಿ ಹೇಳಿದ ಗಂಟಲಿಗೇ ಕ್ಯಾನ್ಸರ್ ಬಂತು. ಆಪರೇಷನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದರು; ಆದರೂ ರೋಗ ನಿಲ್ಲದೆ ಅವನು ಹಾಸಿಗೆ ಹಿಡಿದ. ತಂಗಿ ನಾನು, ಕಂಪ್ಯೂಟರ್ ಗೇಮ್‌ಗಳಿಗೆ ಲುವಾ ಎಂಬ ಭಾಷೆಯಲ್ಲಿ ಕೋಡ್ ಬರೆದು ಹೊಟ್ಟೆ ಹೊರೆಯುವವಳು. ಅವನಿಗೊಂದು ಬಾಯಿ ಮಾಡಿಕೊಡುತ್ತೇನೆಂದು ಹೊರಟೆ. ದೊಡ್ಡ ಜಾಣೆ ನಾನು.

ಏರ್ಪಾಡು ಸುಲಭದ್ದು. ಅಣ್ಣ ಮಲಗಿದಲ್ಲೇ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಾನೆ. ಎರಡು ಉದ್ಧರಣ ಚಿಹ್ನೆಗಳ ನಡುವೆ ಬರೆದದ್ದನ್ನು ಸ್ಪೀಕರ್ ಓದಿ ಹೇಳುತ್ತದೆ. ಹೊರಗಿರುವುದು ಅವನ ಸ್ವಂತದ್ದು, ಅದನ್ನು ಓದಬಾರದು.

ಮೊದಲ ದಿನವೇ ಎಡವಟ್ಟಾಯಿತು. ಎಲ್ಲಿಂದ ಎಲ್ಲಿಯವರೆಗೆ ಓದಬೇಕೆಂದು ಕೋಡಿಗೆ ಹೇಳುವ ಪ್ಯಾಟರ್ನಿನಲ್ಲಿ ನಾನು ನಕ್ಷತ್ರದ ಗುರುತು ಹಾಕಿದ್ದೆ. ಅದಕ್ಕೆ ದುರಾಸೆ, ಸಾಲಿನ ಮೊದಲ ಚಿಹ್ನೆಯಿಂದ ಕೊನೆಯ ಚಿಹ್ನೆಯವರೆಗೆ ಸಿಕ್ಕಿದ್ದೆಲ್ಲ ಬಾಚಿಕೊಳ್ಳುತ್ತದೆ. ಮನೆಗೆ ಬರುವ ನರ್ಸಮ್ಮನಿಗೆ ಅಣ್ಣ ನೀರು ಕೇಳಿ, ಥ್ಯಾಂಕ್ಸ್ ಹೇಳಿದ್ದ. ನಡುವೆ ತನಗಾಗಿ ಬರೆದುಕೊಂಡಿದ್ದ 'ಹರಳೆಣ್ಣೆ ಕುಡಿದ ಮುಖ' ಎಂಬುದನ್ನೂ ಸ್ಪೀಕರ್ ಅವರ ಎದುರೇ ಓದಿತು.

"ಯಾರದ್ದಪ್ಪಾ?" ಎಂದರು ನರ್ಸಮ್ಮ.

ಅಣ್ಣ ನನ್ನತ್ತ ಕೈ ತೋರಿಸಿದ. ಮೂವರೂ ನಕ್ಕೆವು.

ಅವರು ಹೋದ ಮೇಲೆ ಸ್ಪೀಕರ್ ನನ್ನನ್ನು ಬೈದಿತು: "ಮಾನ ತೆಗೆದ್ಯಲ್ಲೇ ಪುಟ್ಟಿ. ನಾನು ಚಿಹ್ನೆ ಮುಚ್ಚಿದ ಮೇಲೇ ಇದು ಬಾಯಿ ಬಿಡ್ಬೇಕು, ತಿಳೀತಾ?"

ನಕ್ಷತ್ರ ತೆಗೆದು, ದುರಾಸೆಯಿಲ್ಲದ ಅಡ್ಡಗೆರೆ ಹಾಕಿದೆ. ತೆರೆದ ಚಿಹ್ನೆಗೆ ಹತ್ತಿರದ ಮುಚ್ಚುವ ಚಿಹ್ನೆ ಸಿಕ್ಕರೆ ಅಷ್ಟನ್ನೇ ಓದು, ಸಿಗದಿದ್ದರೆ ತೆಪ್ಪಗಿರು. ಆಮೇಲೆ ಒಂದು ಸಲವೂ ತಪ್ಪಲಿಲ್ಲ. ನನಗೆ ಎಷ್ಟು ನಂಬಿಕೆ ಬಂತೆಂದರೆ ಅಣ್ಣನ ಮುಖ ನೋಡುವುದನ್ನೇ ಬಿಟ್ಟೆ. ಏನಾದರೂ ಬೇಕಾದರೆ ಸ್ಪೀಕರ್ ಕರೆಯುತ್ತದಲ್ಲ ಎಂದು ಅವನಿಗೆ ಬೆನ್ನು ಹಾಕಿ, ಕಿಟಕಿಯ ಬಳಿ ಕೂತು ಆಫೀಸಿನ ಕೆಲಸ ಮಾಡುತ್ತಿದ್ದೆ.

ಆ ಮಧ್ಯಾಹ್ನವೂ ಹಾಗೇ ಕೂತಿದ್ದೆ. ಹಿಂದೆ ಕೀಲಿಗಳ ಟಕಟಕ ನಿಧಾನವಾಗಿ ಕೇಳಿಸಿತು, ನಿಂತಿತು. ಸ್ಪೀಕರ್ ಏನೂ ಹೇಳಲಿಲ್ಲ. ಸ್ವಂತದ್ದೇನೋ ಬರೆದುಕೊಂಡು ನಿದ್ದೆ ಹೋಗಿರಬೇಕು ಅಂದುಕೊಂಡೆ. ಅರ್ಧ ಗಂಟೆಯ ಮೇಲೆ ನರ್ಸಮ್ಮ ಬಂದರು, ನಾಡಿ ಹಿಡಿದು ನೋಡಿದರು, ನನ್ನ ಹೆಗಲ ಮೇಲೆ ಕೈಯಿಟ್ಟರು.

ಹದಿನೈದು ದಿನ ಆ ಲ್ಯಾಪ್‌ಟಾಪ್ ಮುಟ್ಟಲಿಲ್ಲ. ಇವತ್ತು ತೆರೆದೆ. ಕೊನೆಯ ಸಾಲಿನಲ್ಲಿ ಚಿಹ್ನೆ ತೆರೆದಿತ್ತು, ಮುಚ್ಚಿರಲಿಲ್ಲ. ಬೆರಳಲ್ಲಿ ಅಷ್ಟು ಶಕ್ತಿ ಉಳಿದಿರಲಿಲ್ಲ ಅವನಿಗೆ. ನನ್ನ ಕೋಡ್ ಹೇಳಿದ ಮಾತು ಕೇಳಿ ತೆಪ್ಪಗಿತ್ತು. ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ. ಒಮ್ಮೆ ತಿರುಗಿ ನೋಡಿದ್ದರೆ ಸಾಕಿತ್ತು. ಹಾಳಾದವಳು, ನೋಡಲಿಲ್ಲ.

ಮುಚ್ಚುವ ಚಿಹ್ನೆಯನ್ನು ನಾನೇ ಒತ್ತಿದೆ.

"ಪುಟ್ಟಿ, ಭಯ ಆಗ್ತಿದೆ. ಬಂದು ಕೈ ಹಿಡ್ಕೋ," ಎಂದಿತು ಸ್ಪೀಕರ್.

ಎದ್ದು ಹೋಗಿ ಖಾಲಿ ಹಾಸಿಗೆಯ ಪಕ್ಕ ಕೂತೆ.