ಮಡಿಲಲ್ಲಿ ಯಾರದೋ ಕೈ

ಎಡೆಲ್ಮಿರಾ ಒಲೆಯ ಪಕ್ಕ ಕೂತು ಆಲೂಗಡ್ಡೆ ತುರಿಯುತ್ತಿದ್ದಳು. ತುರಿಯುವ ತಗಡು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡಿದರೆ ಮಡಿಲಲ್ಲಿ ಒಂದು ಕೈ.

ಯಾರದೋ ಕೈ. ಬಲಗೈಯಿಂದ ಮುಟ್ಟಿದಳು. ಬೆಚ್ಚಗಿತ್ತು. ಅದರ ಬೆರಳಲ್ಲಿ ಅವಳದೇ ಮದುವೆಯ ಉಂಗುರವಿತ್ತು.

ಸೌದೆ ಹೊತ್ತು ಒಳಬಂದ ಗಂಡ ರೊಸಮೆಲ್‌ಗೆ ಪಿಸುಗುಟ್ಟಿದಳು. "ಇಲ್ಲಿ ಯಾರೋ ಕೂತವ್ರೆ. ನನ್ ಉಂಗುರ ಕದ್ದವ್ರೆ."

"ಯಾರು?"

"ಮುಖ ಕಾಣ್ತಿಲ್ಲ. ಕೈ ಮಾತ್ರ ಐತೆ."

ಅವಳ ಬಾಯಿ ಎಡಕ್ಕೆ ಜೋತುಬಿದ್ದಿತ್ತು. ರೊಸಮೆಲ್ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡ. ಈ ದ್ವೀಪದಲ್ಲಿ ಬಾಯಿ ಸೊಟ್ಟಗಾದರೆ ಅದು ಮಾಟಗಾರರು ಬಿಟ್ಟ ಗಾಳಿಯೇ ಸೈ. "ಗಾಳಿ ಸೋಕೈತೆ. ಮದ್ದಿನ ಮುದುಕೀನ ಕರ್ಕೊಂಡ್ ಬರ್ತೀನಿ" ಎಂದು ಬಾಗಿಲಿಗೆ ಓಡಿದ.

ಬಾಗಿಲಲ್ಲಿ ನೊಲ್ಫಾ ಎದುರಾದಳು. ಬೇಲಿಯಾಚೆ ಮನೆಯವಳು, ಆರೋಗ್ಯ ಕೇಂದ್ರದ ದಾದಿ. ಎಡೆಲ್ಮಿರಾಳನ್ನು ಒಮ್ಮೆ ನೋಡಿ ಎದುರಿಗೆ ಕುಕ್ಕರಗಾಲಲ್ಲಿ ಕೂತಳು.

"ಅಕ್ಕ, ಸ್ವಲ್ಪ ನಗು."

"ಯಾಕೆ, ಫೋಟೊ ತೆಗೀತೀಯಾ?" ನಾಲಿಗೆ ತೊದಲಿತು. ನಗು ಅರ್ಧ ಮುಖಕ್ಕೇ ನಿಂತಿತು.

"ಎರಡೂ ಕೈ ಎತ್ತು."

ಬಲಗೈ ಮಾತ್ರ ಮೇಲೆದ್ದಿತು. "ಎತ್ತಿದ್ನಲ್ಲ, ಎರಡೂ" ಎಂದಳು. ಸುಳ್ಳಲ್ಲ, ಅವಳಿಗೆ ಹಾಗೇ ಅನಿಸಿತ್ತು. "ನಂಗೇನೂ ಆಗಿಲ್ಲ. ಈ ಕೈಯವ್ಳನ್ನ ಮೊದ್ಲು ಆಚೆ ಕಳ್ಸಿ."

ನೊಲ್ಫಾ ಎದ್ದಳು. "ಅಣ್ಣ, ಇದು ಲಕ್ವ. ಅಕ್ಕ ಸರಿಯಾಗಿದ್ದಿದ್ದನ್ನ ಕೊನೆಗೆ ಯಾವಾಗ ನೋಡ್ದೆ?"

"ಹತ್ತು ಗಂಟೆಗೆ. ರೇಡಿಯೊದಲ್ಲಿ ಊರವರ ಸಂದೇಶ ಓದ್ತಿದ್ರು. ಸೌದೆ ಸಾಲ್ದು ಅಂತ ಬೈದ್ಲು."

"ಅಲ್ಲಿಂದ ನಾಲ್ಕೂವರೆ ಗಂಟೆ ಒಳಗೆ ಔಷಧಿ ಸಿಗ್ಬೇಕು. ಬೇಗ ಆದಷ್ಟೂ ಒಳ್ಳೇದು. ಹೊರಡು."

"ಮುದುಕಿ ಒಂದ್ಸಲ ನೋಡ್ಲಿ..."

"ನಿನ್ ತಮ್ಮನಿಗೂ ಹಿಂಗೇ ಆದಾಗ ಆ ಮುದುಕಿ ಕೈಲಿ ಎರಡು ದಿನ ಸೊಪ್ಪಿನ ಹೊಗೆ ಹಾಕ್ಸಿದ್ಯಲ್ಲ. ಅವ್ನು ಇವತ್ತಿಗಾದ್ರೂ ನಿನ್ ಹೆಸರು ಕರ್ದಿದಾನಾ?"

ರೊಸಮೆಲ್ ಜೇಬಿನಿಂದ ಆಸ್ಪಿರಿನ್ ತೆಗೆದ. "ಇದನ್ನಾದ್ರೂ ಕೊಡ್ಲಾ?"

"ನೀರೂ ಬೇಡ. ರಕ್ತನಾಳ ಕಟ್ಟಿದ್ಯೋ ಒಡೆದಿದ್ಯೋ, ತಲೆ ಒಳಗಿನ ಚಿತ್ರ ತೆಗೆಯೋವರ್ಗೂ ಡಾಕ್ಟ್ರಿಗೂ ಗೊತ್ತಾಗಲ್ಲ. ಕಟ್ಟಿದ್ದಕ್ಕೆ ಕೊಡೋ ಔಷಧಿ ಒಡೆದಿದ್ದಕ್ಕೆ ವಿಷ."

ನೊಲ್ಫಾ ಕರೆಸಿದ ಆಂಬುಲೆನ್ಸ್ ದೋಣಿ ಮಂಜಿನೊಳಗೆ ಹೊರಟಿತು. ಎಡೆಲ್ಮಿರಾಗೆ ಬಲಗಡೆಯ ಕಡಲಷ್ಟೇ ಕಾಣುತ್ತಿತ್ತು. ಎಡಗಡೆಗೆ ಕಡಲಿಲ್ಲ, ಆಕಾಶವಿಲ್ಲ, ಕತ್ತಲೂ ಇಲ್ಲ. ಆ ಇಲ್ಲದ ಕಡೆಯಿಂದ ಗಂಡನ ದನಿ ಮಾತ್ರ ಬರುತ್ತಿತ್ತು. "ಇಲ್ಲೇ ಇದೀನಿ, ಇಲ್ಲೇ ಇದೀನಿ." ಆ ಪರಕೀಯ ಕೈ ಅವಳ ಜೊತೆಗೇ ದೋಣಿ ಹತ್ತಿತ್ತು.

ಹನ್ನೆರಡೂಕಾಲಿಗೆ ಪೇಟೆಯ ಆಸ್ಪತ್ರೆಯಲ್ಲಿ ಅವಳ ತಲೆಯನ್ನು ದೊಡ್ಡ ಬಳೆಯಂಥ ಯಂತ್ರದೊಳಗೆ ಸರಿಸಿದರು. ಮೊದಲ ಚಿತ್ರದಲ್ಲಿ ರಕ್ತಸ್ರಾವ ಇರಲಿಲ್ಲ. ಬಣ್ಣದ ಔಷಧಿ ಚುಚ್ಚಿ ಇನ್ನೊಂದು ತೆಗೆದರು. ವೈದ್ಯೆ ಅದನ್ನು ರೊಸಮೆಲ್‌ಗೆ ತೋರಿಸಿದಳು. ಎಲೆ ಉದುರಿದ ಮರದಂತೆ ನಾಳಗಳು ಕವಲೊಡೆದಿದ್ದವು. ಬಲಗಡೆಯ ಒಂದು ಕೊಂಬೆ ನಡುವೆಯೇ ತುಂಡಾಗಿತ್ತು.

"ಇಲ್ಲಿ ರಕ್ತ ಹೆಪ್ಪುಗಟ್ಟಿದೆ. ಮುಂದಕ್ಕೆ ಹೋಗ್ತಿಲ್ಲ. ಮಿದುಳಿನ ಬಲಭಾಗವೇ ಎಡಗಡೆ ಮೈಯನ್ನ ನೋಡ್ಕೊಳ್ಳೋದು, ಅದಕ್ಕೇ ಎಡಗಡೆ ಮೈ ಅವರಿಗೆ ಕಾಣೆಯಾಗಿದೆ."

"ಯಾರ್ ಬಿಟ್ಟಿದ್ದು ಇದನ್ನ?" ರೊಸಮೆಲ್ ಕೇಳಿದ.

"ಯಾರೂ ಅಲ್ಲ. ಇವರು ಬಿಪಿ ಮಾತ್ರೆ ತಗೊಳ್ಳೋದು ನಿಲ್ಸಿದ್ರಾ?"

ಅವನು ಹೌದೆಂದು ತಲೆಯಾಡಿಸಿದ.

ಹೆಪ್ಪು ಕರಗಿಸುವ ಔಷಧಿ ತೋಳಿಗೆ ಇಳಿಯಿತು. ಸಂಜೆ ಹೊತ್ತಿಗೆ ಎಡೆಲ್ಮಿರಾಗೆ ಆ ಕೈಯ ಒಂದು ಬೆರಳು ಚುರುಗುಟ್ಟಿತು. ಆ ನೋವು ತನ್ನದೆಂದು ತಿಳಿದಾಗ ಅವಳು ಅತ್ತಳು.

ಈಗ ಅವಳು ಮಾತ್ರೆ ತಪ್ಪಿಸುವುದಿಲ್ಲ. ಎಡಗೈಯ ಹಿಡಿತ ಇನ್ನೂ ಸಡಿಲ. ಒಮ್ಮೊಮ್ಮೆ ಎಡಕ್ಕೆ ಯಾರೋ ಕೂತಂತಾಗಿ ತಿರುಗಿ ನೋಡುತ್ತಾಳೆ. ಗಾಳಿ ಸೋಕಿತ್ತಂತೆ ಎಂದವರಿಗೆ ರೊಸಮೆಲ್ ಹೇಳುವುದಿಷ್ಟೇ: "ನಾನು ಚಿತ್ರ ನೋಡಿದೀನಿ."

ನೀವೂ ಕೇಳಿ. ಮನೆಯಲ್ಲಿ ಯಾರದಾದರೂ ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಮೊದಲು ಗಡಿಯಾರ ನೋಡಿ, ಆಂಬುಲೆನ್ಸ್ ಕರೆಯಿರಿ. ತಲೆಯ ಸ್ಕ್ಯಾನ್ ಇರುವ ಆಸ್ಪತ್ರೆಗೇ ನಡೆಯಿರಿ. "ನಂಗೇನೂ ಆಗಿಲ್ಲ" ಎಂದು ಅವರು ಆಣೆ ಮಾಡಿದರೂ ಕಾಯಬೇಡಿ. ಕೆಲವೊಮ್ಮೆ ಆ ಮಾತೇ ಕಾಯಿಲೆ.