ಐದು ಪಿನ್ನಿನ ವೈರು

ಹಳದಿ ಪಿನ್ನಿನ ವೈರು ಎಂಬತ್ತು, ಐದು ಪಿನ್ನಿನದು ನಾನೂರು, ಜೋಡಿಸುವ ಪುಟ್ಟ ಡಬ್ಬಿ ಸಮೇತ ಎಚ್‌ಡಿಎಂಐ ಸಾವಿರದ ಇನ್ನೂರು, ಎರಡು ಅಂಗಿ ಹೊಲಿದ ಕೂಲಿ ನಡುವಿನದಕ್ಕೆ ಸರಿಹೋಯಿತು, ಈಗ ಟಿವಿಯ ಬೆನ್ನಿಗೆ ಕೆನ್ನೆ ಒತ್ತಿ ಹಸಿರು ಪಿನ್ನಿಗೆ ಹಸಿರು ತೂತು ಹುಡುಕುತ್ತಿದ್ದೇನೆ, ಧೂಳು ಮೂಗಿಗೆ ಹತ್ತುತ್ತಿದೆ — ಇವರು ಅಚ್ಚಿನ ಪ್ರೆಸ್ಸಿನಿಂದ ಬರುವುದು ಆರಕ್ಕೆ, ಅಷ್ಟರಲ್ಲಿ ಮುಗಿಸಬೇಕು, ನಾಳೆ ನಲವತ್ತು ತುಂಬುತ್ತದೆ ಇವರಿಗೆ, ಮೊದಲ ಸಂಬಳದಲ್ಲಿ ಕೊಂಡ ಈ ವಿಡಿಯೋ ಆಟದ ಪೆಟ್ಟಿಗೆ ಎಂದರೆ ಜೀವ, ಭಾನುವಾರ ಮಾತ್ರ ತೆಗೆಯುತ್ತಾರೆ, ಚಿತ್ರವೋ ಒದ್ದೆ ಗಾಜಿನಾಚೆ ನೋಡಿದ ಹಾಗೆ. ಟಿವಿಯ ತೂತುಗಳನ್ನೆಲ್ಲ ಅಳತೆ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡು ಹೋಗಿದ್ದೆ, ಅಂಗಡಿಯವನು ನಕ್ಕ, ಅಕ್ಕಾ, ಟಿವಿಗೂ ಅಂಗಿ ಹೊಲೀತೀರಾ, ಹಳದೀಲಿ ಬಣ್ಣ ಎಲ್ಲಾ ಒಂದೇ ತಂತೀಲಿ ನುಗ್ಗಿ ಕಲಸಿಹೋಗುತ್ತೆ, ಈ ಐದು ಪಿನ್ನಿಂದ್ರಲ್ಲಿ ಬೇರೆ ಬೇರೆ ಬರುತ್ತೆ, ಚಿನ್ನದ ಲೇಪ ಅಂತ ಸುಮ್ನೆ ದುಡ್ಡು ಸುರೀಬೇಡಿ — ಒಳ್ಳೆಯವನು, ನೂಲಿನ ವಿಷಯದಲ್ಲಿ ನಾನೂ ಗಿರಾಕಿಗಳಿಗೆ ಅದನ್ನೇ ಹೇಳುವುದು. ಹಾಂ, ಕೂತಿತು, ಚಿತ್ರ ಬಂತು, ಅಬ್ಬಾ, ಎಂಥ ನಿಚ್ಚಳ, ಆಟ ಎಲ್ಲೆಲ್ಲಿ ನಿಲ್ಲಿಸಿದ್ದರೋ ಆ ಪಟ್ಟಿ, ಸಾಲಿನ ಕೊನೆಗೆ ಇರುವೆ ಮುತ್ತಿದಂತೆ ಕಾಣುತ್ತಿದ್ದುದು ಅಂಕಿಗಳೇ, ಹಸಿರು ಅಂಕಿಗಳು, ದಿನ, ಗಂಟೆ — ಮಂಗಳವಾರ ಹನ್ನೊಂದು ಇಪ್ಪತ್ತು. ಮಂಗಳವಾರವೇ? ಬುಧವಾರ ಹತ್ತೂವರೆ, ಗುರುವಾರ, ಶುಕ್ರವಾರ, ಎಲ್ಲಾ ಬೆಳಗಿನ ಹೊತ್ತೇ, ಕೆಳಕ್ಕೆ ಹೋದಷ್ಟೂ ಇವೆ, ಆರು ವಾರ. ಪೆಟ್ಟಿಗೆಯ ಗಡಿಯಾರ ಕೆಟ್ಟಿರಬೇಕು, ಗೋಡೆಯದಕ್ಕೆ ಹೋಲಿಸಿದೆ, ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲ, ಬೀಗದ ಕೈ ಇರುವುದು ಎರಡೇ, ಒಂದು ನನ್ನ ಸೊಂಟದಲ್ಲಿ. ಅಂಗಿ — ದೇವರೇ, ಅಂಗಿ, ಹದಿನೈದು ವರ್ಷ ಉಜ್ಜಿ ಉಜ್ಜಿ ಬೆರಳು ಸವೆಸಿದ ಮಸಿಯ ಕಲೆ ಈಚೆಗೆ ಕಂಡೇ ಇಲ್ಲ, ನಮ್ಮವರು ಈಗ ಎಷ್ಟು ಅಚ್ಚುಕಟ್ಟು ಗೊತ್ತಾ ಎಂದು ಪಕ್ಕದ ಮನೆಯವಳ ಮುಂದೆ ಜಂಬ ಕೊಚ್ಚಿದೆನಲ್ಲ, ಸಂಬಳ ತಂದುಕೊಟ್ಟರಲ್ಲ, ಬೈಕ್ ಎಲ್ರೀ ಅಂದಿದ್ದಕ್ಕೆ ರಿಪೇರಿಗೆ ಬಿಟ್ಟಿದೀನಿ ಕಣೇ ಅಂದರು, ಮುಖ ತಿರುಗಿಸಿ ಅಂದರು, ಬೆಳಿಗ್ಗೆ ಡಬ್ಬಿ ಹಿಡಿದು ನನಗಿಂತ ಮೊದಲೇ ಹೊರಟು, ನಾನು ಹೊಲಿಗೆ ಕೆಲಸಕ್ಕೆ ಹೊರಟು ಬಾಗಿಲು ಹಾಕುವವರೆಗೆ ಯಾವ ಮೂಲೆಯಲ್ಲಿ ನಿಂತಿರುತ್ತಿದ್ದರೋ — ಬೀಗ ತಿರುಗಿತು. ಏನೇ, ಇಷ್ಟು ಬೇಗ ಬಂದ್ಬಿಟ್ಯಾ, ಅಬ್ಬಬ್ಬಾ ಪ್ರೆಸ್ಸಲ್ಲಿ ಇವತ್ತು ಉಸಿರಾಡೋಕೂ ಪುರಸೊತ್ತಿಲ್ಲ ಕಣೇ, ಡಬ್ಬಿ ಕೆಳಗಿಡುವ ಕೈ, ಉಗುರಿನ ಸಂದಿನಲ್ಲಿ ಒಂದು ಚುಕ್ಕಿ ಮಸಿಯಿಲ್ಲ, ಟಿವಿ ಆರಿಸಬೇಕು, ಇವರು ತಿರುಗುವುದರೊಳಗೆ ಆರಿಸಬೇಕು, ಬೆರಳು ಏಳುತ್ತಿಲ್ಲ, ಚಿತ್ರ ಚೆನ್ನಾಗಿ ಬಂತು, ಇವರ ಕೆಲಸ ಹೋಗಿದೆ, ಬೈಕ್ ಮಾರಿದ ದುಡ್ಡೇ ಸಂಬಳವಾಗಿ ಬಂದಿದೆ, ಹಸಿರು, ನಿಚ್ಚಳ, ಹನ್ನೊಂದು ಇಪ್ಪತ್ತು